ಎಷ್ಟು ಜನರಲ್ಲಿ ಎಷ್ಟು?



ಚೌಳಹಿರಿಯೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಇದೇ ಕಾಲೇಜಿನಲ್ಲಿ ಪಿಯುಸಿ ಓದಿದವಳು ನಾನು. ಈಗ ಅಮೆರಿಕದ ಒಂದು ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತ ಬೋಧನಾ ಸಹಾಯಕಿಯಾಗಿ ಕೆಲಸ ಮಾಡುತ್ತಿದ್ದೇನೆ. ರಜೆಗೆ ಊರಿಗೆ ಬಂದಿದ್ದಾಗ ನಮ್ಮ ಗಣಿತದ ಮೇಷ್ಟ್ರು ಸಿಕ್ಕಿದರು. "ಅಲ್ಲಿ ಏನು ಪಾಠ ಮಾಡ್ತೀಯೋ ಅದರಲ್ಲೇ ಒಂದನ್ನು ನಮ್ಮ ಮಕ್ಕಳಿಗೂ ಬರೆದುಕೊಡಮ್ಮ" ಎಂದರು. ಕೇಳಿದವರು ಗಣಿತದವರು, ಹಾಗಾಗಿ ಒಂದು ಭಿನ್ನರಾಶಿಯ ಪಾಠವನ್ನೇ ಬರೆಯುತ್ತೇನೆ.

ಬೋಧನಾ ಸಹಾಯಕಿಯ ಕೆಲಸ

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ದೊಡ್ಡ ಸಭಾಂಗಣದಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಪ್ರಾಧ್ಯಾಪಕರು ಉಪನ್ಯಾಸ ಕೊಡುತ್ತಾರೆ. ಆಮೇಲೆ ಆ ವಿದ್ಯಾರ್ಥಿಗಳು ಇಪ್ಪತ್ತು ಇಪ್ಪತ್ತೈದು ಜನರ ಸಣ್ಣ ಗುಂಪುಗಳಾಗಿ ನನ್ನಂಥ ಸಹಾಯಕರ ಬಳಿ ಬರುತ್ತಾರೆ. ಅವರಿಂದ ಲೆಕ್ಕ ಮಾಡಿಸುವುದು, ಉತ್ತರ ಪತ್ರಿಕೆ ತಿದ್ದುವುದು, ವಾರಕ್ಕೆ ಕೆಲವು ಗಂಟೆ ಬಾಗಿಲು ತೆರೆದಿಟ್ಟುಕೊಂಡು ಸಂಶಯ ಪರಿಹರಿಸುವುದು ನಮ್ಮ ಕೆಲಸ. ವಿದೇಶಿ ವಿದ್ಯಾರ್ಥಿಗಳು ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಇದಕ್ಕೆ ಪ್ರತಿಯಾಗಿ ನನ್ನ ಶುಲ್ಕ ಮನ್ನಾ ಆಗುತ್ತದೆ, ಊಟ ಬಾಡಿಗೆಗೆ ಸಾಕಾಗುವಷ್ಟು ಭತ್ಯೆಯೂ ಬರುತ್ತದೆ. ಅಪ್ಪನ ಹತ್ತಿರ ಅಷ್ಟು ದುಡ್ಡು ಇರಲಿಲ್ಲ. ಈ ವ್ಯವಸ್ಥೆ ಇಲ್ಲದಿದ್ದರೆ ನಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮೊದಲ ದಿನ ಇದ್ದ ಭಯವೆಲ್ಲ ಇಂಗ್ಲಿಷ್‌ನದು. ಎಡವಿದ್ದು ಮಾತ್ರ ಇಂಗ್ಲಿಷ್‌ನಲ್ಲಲ್ಲ, ಲೆಕ್ಕದಲ್ಲಿ.

ನಾನು ತಪ್ಪಾಗಿ ಕೇಳಿದ ಪ್ರಶ್ನೆ

1854ರಲ್ಲಿ ಲಂಡನ್ ನಗರದಲ್ಲಿ ಕಾಲರಾ ಹರಡಿತ್ತು. ಅದು ಕೆಟ್ಟ ಗಾಳಿಯಿಂದ ಬರುತ್ತದೆಂದು ಆಗ ಹೆಚ್ಚಿನವರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರಿಗೆ ಮಾತ್ರ ನೀರಿನ ಮೇಲೆ ಅನುಮಾನ. ನಗರದ ದಕ್ಷಿಣ ಭಾಗದಲ್ಲಿ ಎರಡು ಕಂಪನಿಗಳು ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಿಗೆ ನೀರು ಕೊಡುತ್ತಿದ್ದವು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ನಗರದ ಕೊಳಚೆ ಸೇರಿದ ಜಾಗದಲ್ಲೇ ಥೇಮ್ಸ್ ನದಿಯ ನೀರನ್ನು ಎತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ಯಂತ್ರಗಳನ್ನು ನದಿಯ ಮೇಲ್ಭಾಗದ ಶುದ್ಧ ನೀರಿನ ಕಡೆಗೆ ಸ್ಥಳಾಂತರಿಸಿತ್ತು.

ನಾನು ಬೋರ್ಡಿನ ಮೇಲೆ ಹೀಗೆ ಬರೆದೆ: ಮೊದಲ ಏಳು ವಾರಗಳಲ್ಲಿ ಸೌತ್‌ವಾರ್ಕ್ ಕಂಪನಿಯ ನೀರು ಕುಡಿದ ಮನೆಗಳಲ್ಲಿ ಸತ್ತವರು 1,263, ಲ್ಯಾಂಬೆತ್ ಕಂಪನಿಯ ಮನೆಗಳಲ್ಲಿ 98. "ಈಗ ಹೇಳಿ, ಯಾವ ನೀರು ಅಪಾಯಕಾರಿ?"

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿದಳು. "ಯಾವ ಕಂಪನಿ ಎಷ್ಟು ಮನೆಗಳಿಗೆ ನೀರು ಕೊಡುತ್ತಿತ್ತು?"

ನಾನು ಅದನ್ನು ಬರೆದಿರಲಿಲ್ಲ. ನನ್ನ ಬಳಿ ಆ ಅಂಕಿಯೂ ಇರಲಿಲ್ಲ. 1,263 ಎಂಬುದು 98ರ ಸುಮಾರು ಹದಿಮೂರು ಪಟ್ಟು. ಆ ಕಂಪನಿಗೆ ಮನೆಗಳೂ ಹದಿಮೂರು ಪಟ್ಟು ಹೆಚ್ಚಿದ್ದರೆ ಎರಡೂ ನೀರು ಒಂದೇ ಎಂದಾಗುತ್ತಿತ್ತು. ನಾನು ಅಂಶವನ್ನು ಮಾತ್ರ ಕೊಟ್ಟು, ಛೇದವನ್ನು ಮರೆತು ಉತ್ತರ ಕೇಳಿದ್ದೆ. "ನೀನು ಕೇಳಿದ್ದು ಸರಿ. ಮುಂದಿನ ವಾರ ತಂದು ಹೇಳುತ್ತೇನೆ" ಎಂದೆ. ಮುಖ ಬಿಸಿಯಾಗಿತ್ತು.

ಮರುವಾರ ಪೂರ್ತಿ ಲೆಕ್ಕ ಬರೆದೆ. ಸೌತ್‌ವಾರ್ಕ್ ಕಂಪನಿಗೆ 40,046 ಮನೆಗಳು. 1,263ನ್ನು 40,046ರಿಂದ ಭಾಗಿಸಿ 10,000ದಿಂದ ಗುಣಿಸಿದರೆ 315. ಅಂದರೆ ಪ್ರತಿ ಹತ್ತು ಸಾವಿರ ಮನೆಗಳಿಗೆ 315 ಸಾವು. ಲ್ಯಾಂಬೆತ್‌ಗೆ 26,107 ಮನೆಗಳು. ಅಲ್ಲಿ ಪ್ರತಿ ಹತ್ತು ಸಾವಿರಕ್ಕೆ ಸುಮಾರು 37. ಹದಿಮೂರು ಪಟ್ಟು ಎಂದು ಕಂಡದ್ದು ನಿಜದಲ್ಲಿ ಎಂಟು ಪಟ್ಟಿಗಿಂತ ಸ್ವಲ್ಪ ಹೆಚ್ಚು. ನೀರಿನ ಮೇಲಿನ ಆರೋಪ ಉಳಿಯಿತು, ಆದರೆ ಈಗ ಅದಕ್ಕೆ ಸಾಕ್ಷಿ ಇತ್ತು. ಇದಕ್ಕೇ 'ದರ' ಎನ್ನುತ್ತೇವೆ. ಪತ್ರಿಕೆಯಲ್ಲಿ "ಇಂಥ ತಾಲ್ಲೂಕಿನಲ್ಲಿ ಇಷ್ಟು ಡೆಂಗಿ ಪ್ರಕರಣ" ಎಂದು ಓದಿದಾಗಲೂ ಇದನ್ನೇ ಕೇಳಬೇಕು: ಎಷ್ಟು ಜನರಲ್ಲಿ?

ತುಮಕೂರಿನ ಪಾಠ

ಛೇದದ ವಿಷಯದಲ್ಲಿ ಇನ್ನೊಂದು ಪ್ರಶ್ನೆಯಿದೆ: ಎಣಿಕೆಯಿಂದ ಹೊರಗೆ ಉಳಿದವರು ಯಾರು? ಇದನ್ನು ಕಲಿಸಲು ಪ್ರಾಧ್ಯಾಪಕರು ಕೊಟ್ಟ ಓದಿನ ಪಟ್ಟಿಯಲ್ಲಿ ನಮ್ಮ ಪಕ್ಕದ ಜಿಲ್ಲೆಯ ಹೆಸರು ಕಂಡು ನಾನು ಎರಡೆರಡು ಸಲ ನೋಡಿದೆ. ತುಮಕೂರು!

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ಹಳ್ಳಿಯ ಜನರಿಗೆ ರೋಗದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತು ಆಗ ಸಾಮಾನ್ಯವಾಗಿತ್ತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇದನ್ನು ಪರೀಕ್ಷಿಸಲು ಹೊರಟರು. ಆಸ್ಪತ್ರೆಯ ರಿಜಿಸ್ಟರ್ ನೋಡಿದರೆ ಬಂದವರು ಮಾತ್ರ ಕಾಣುತ್ತಾರೆ. ಆದ್ದರಿಂದ ತುಮಕೂರು ಜಿಲ್ಲೆಯಲ್ಲಿ ಎಕ್ಸ್-ರೇ ಸಮೀಕ್ಷೆಯಿಂದ ಕ್ಷಯದ ಶಂಕೆ ಕಂಡುಬಂದವರನ್ನು ಅವರ ಊರಿನಲ್ಲೇ ಭೇಟಿಯಾಗಿ ಮಾತನಾಡಿಸಲಾಯಿತು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಬಹುಪಾಲು ಜನರಿಗೆ ತಮಗೇನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೂ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಕೆಮ್ಮಿನ ಔಷಧಿ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಏಳನೇ ತರಗತಿಯಲ್ಲಿದ್ದಾಗ ನಮ್ಮ ದಾದಿ ಕ್ಷಯದಿಂದ ತೀರಿಕೊಂಡರು. ರೋಗ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. "ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡರು" ಎಂದು ಮನೆಯವರು, ನೆರೆಯವರು ಎಲ್ಲ ಹೇಳಿದರು. ನಾನೂ ಹಾಗೇ ನಂಬಿದ್ದೆ. ಆದರೆ ಅವರ ಟ್ರಂಕಿನಲ್ಲಿ ಮಡಿಸಿಟ್ಟ ಮೂರು ಚೀಟಿಗಳು ಸಿಕ್ಕಿದ್ದವು. ಮೂರು ಬೇರೆ ಬೇರೆ ತಿಂಗಳು, ಮೂರರಲ್ಲೂ ಸಿರಪ್ ಮತ್ತು ಮಾತ್ರೆ. ಅವರು ಒಬ್ಬರೇ ಬಸ್ಸು ಹತ್ತಿ ಮೂರು ಸಲ ಹೋಗಿ ತೋರಿಸಿಕೊಂಡಿದ್ದರು. ಆ ಚೀಟಿಗಳ ಅರ್ಥ ನನಗೆ ಆದದ್ದು ಸಾವಿರಾರು ಮೈಲಿ ದೂರದಲ್ಲಿ, ತುಮಕೂರಿನ ಲೆಕ್ಕ ಓದಿದಾಗ. ದಾದಿ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಆ ವಾರದ ತರಗತಿಯಲ್ಲಿ ನಾನು ದಾದಿಯ ವಿಷಯ ಹೇಳಲಿಲ್ಲ. ಪ್ರಶ್ನೆಯನ್ನು ಮಾತ್ರ ಬದಲಿಸಿಕೊಂಡೆ. "ರೋಗಿಗಳು ಯಾಕೆ ಬರುವುದಿಲ್ಲ?" ಎಂದು ಕೇಳುವ ಮೊದಲು "ಬಂದವರಿಗೆ ಏನಾಯಿತು?" ಎಂದು ಕೇಳಿದೆ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಇದೇ ಯೋಚನೆಯ ಮೇಲೆ ನಿಂತಿತ್ತು. ಕೆಮ್ಮು ಎಂದು ಸಾಮಾನ್ಯ ಆಸ್ಪತ್ರೆಗೆ ತಾವಾಗಿ ಬಂದವರ ಕಫವನ್ನು ಅಲ್ಲೇ ಪರೀಕ್ಷಿಸಬೇಕು ಎಂಬುದು ಅದರ ಮುಖ್ಯ ಅಂಶ.

ನೀವೇ ಮಾಡಿ ನೋಡಿ

ಇದು ಅಭ್ಯಾಸಕ್ಕಾಗಿ ಕಲ್ಪಿಸಿದ ಲೆಕ್ಕ. ಎ ವಿಭಾಗದಲ್ಲಿ ಹಾಜರಿದ್ದ 60 ವಿದ್ಯಾರ್ಥಿಗಳಲ್ಲಿ 9 ಮಂದಿಗೆ ಜ್ವರ. ಬಿ ವಿಭಾಗದಲ್ಲಿ ಹಾಜರಿದ್ದ 25 ಮಂದಿಯಲ್ಲಿ 5 ಮಂದಿಗೆ ಜ್ವರ.

1. ಯಾವ ವಿಭಾಗದಲ್ಲಿ ಜ್ವರ ಹೆಚ್ಚು? ಎ ವಿಭಾಗದಲ್ಲಿ ಶೇ. 15, ಬಿ ವಿಭಾಗದಲ್ಲಿ ಶೇ. 20. ಸಂಖ್ಯೆ ಕಡಿಮೆ ಇದ್ದರೂ ದರ ಬಿ ವಿಭಾಗದಲ್ಲೇ ಹೆಚ್ಚು.

2. ಆ ದಿನ ಎ ವಿಭಾಗದ 10 ಮಂದಿ ಗೈರುಹಾಜರಾಗಿದ್ದರು, ಅವರಲ್ಲಿ 6 ಮಂದಿ ಜ್ವರದಿಂದ ಮನೆಯಲ್ಲಿ ಮಲಗಿದ್ದರು ಎಂದುಕೊಳ್ಳಿ. ಬಿ ವಿಭಾಗದಲ್ಲಿ ಎಲ್ಲರೂ ಬಂದಿದ್ದರು. ಈಗ ಎ ವಿಭಾಗದಲ್ಲಿ 70 ಮಂದಿಗೆ 15, ಅಂದರೆ ಶೇ. 21.4. ಉತ್ತರವೇ ತಿರುಗಿಹೋಯಿತು. ಹೆಚ್ಚು ಕಾಯಿಲೆಯಾದವರೇ ತರಗತಿಗೆ ಬಂದಿರಲಿಲ್ಲ!

ಕೊನೆಯ ಎರಡು ಮಾತು

ಸಾರ್ವಜನಿಕ ಆರೋಗ್ಯ ಓದಲು ಡಾಕ್ಟರೇ ಆಗಿರಬೇಕೆಂದಿಲ್ಲ. ನಮ್ಮ ದೇಶದಲ್ಲೂ ಎರಡು ವರ್ಷದ ಎಂ.ಪಿ.ಎಚ್. ಕೋರ್ಸುಗಳಿವೆ. ಹಲವು ಕಡೆ ಬೇರೆ ಬೇರೆ ವಿಷಯಗಳ ಪದವೀಧರರನ್ನೂ ಸೇರಿಸಿಕೊಳ್ಳುತ್ತಾರೆ. ನೀಟ್‌ನಲ್ಲಿ ಸೀಟು ಸಿಗಲಿಲ್ಲವೆಂದು ಆರೋಗ್ಯ ಕ್ಷೇತ್ರದ ಆಸೆಯನ್ನೇ ಬಿಡಬೇಡಿ. ಆರ್ಟ್ಸ್ ವಿದ್ಯಾರ್ಥಿಗಳೂ ಇದನ್ನು ಗಮನಿಸಿ. ತುಮಕೂರಿನ ಅಧ್ಯಯನ ಜನರನ್ನು ಕೂರಿಸಿ ಮಾತನಾಡಿಸಿದ ಸಮಾಜಶಾಸ್ತ್ರದ ಕೆಲಸವಾಗಿತ್ತು.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಜೊತೆಗೆ ಹೋಗಿ, "ಕಫ ಪರೀಕ್ಷೆ ಮಾಡಿಸಿ" ಎಂದು ಬಾಯಿಬಿಟ್ಟು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ನಮ್ಮ ದಾದಿಯ ಜೊತೆಗೆ ಹೀಗೆ ಕೇಳುವವರು ಯಾರೂ ಹೋಗಿರಲಿಲ್ಲ.

ಲೆಕ್ಕದಲ್ಲಿ ಸಂಶಯ ಬಂದರೆ ಗಣಿತದ ಮೇಷ್ಟ್ರನ್ನು ಕೇಳಿ. ಮುಂದಿನ ರಜೆಯಲ್ಲಿ ನಾನೂ ಬರುತ್ತೇನೆ, ಇನ್‌ಷಾ ಅಲ್ಲಾಹ್.