ಹತ್ತು ಮನೆಯ ಅಡುಗೆ, ಒಂದು ವಲೀಮಾ

ಮದುವೆಯ ದಿನ ಗೊತ್ತಾಯಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಊಟದ್ದು. ಎಷ್ಟು ಜನ? ಎಷ್ಟು ಬಗೆ? ಯಾವ ಹಾಲ್? ನಿಕಾಹ್‌ಗೆ ಕೆಲವು ನಿಮಿಷಗಳು ಸಾಕು. ಆದರೆ ಒಂದು ಹೊತ್ತಿನ ಊಟಕ್ಕಾಗಿ ಮಾಡಿದ ಸಾಲವನ್ನು ವರ್ಷಗಟ್ಟಲೆ ತೀರಿಸುವವರಿದ್ದಾರೆ. ಮನೆಯಂಗಳದಲ್ಲೇ ವಲೀಮಾ ಮಾಡೋಣ, ಬಂಧುಗಳು ಒಂದೊಂದು ಪದಾರ್ಥ ತರಲಿ ಎಂದು ಯಾರಾದರೂ ಹೇಳಿದರೆ, ‘ಅತಿಥಿಗಳಿಂದಲೇ ಊಟ ತರಿಸುವುದೇ? ಜನ ಏನೆಂದಾರು?’ ಎಂಬ ಮಾತು ಬರುತ್ತದೆ. ಹೀಗೆ ಕೇಳುವವರು ಪ್ರವಾದಿವರ್ಯರ(ಸ) ಒಂದು ವಲೀಮಾವನ್ನು ನೆನಪಿಸಿಕೊಳ್ಳಬೇಕು.

ಖೈಬರಿನ ದಾರಿಯಲ್ಲಿ

ಹಿಜರಿ 7ನೇ ವರ್ಷ, ಅಂದರೆ ಕ್ರಿ.ಶ. 628. ಖೈಬರಿನಿಂದ ಮದೀನಕ್ಕೆ ಮರಳುವ ದಾರಿಯಲ್ಲಿ ಪ್ರವಾದಿವರ್ಯರು(ಸ) ಹಝ್ರತ್ ಸಫಿಯ್ಯಾರನ್ನು(ರ) ವಿವಾಹವಾದ ಬಳಿಕ ವಲೀಮಾ ನಡೆಯಿತು. ಅದರಲ್ಲಿ ರೊಟ್ಟಿಯೂ ಇರಲಿಲ್ಲ, ಮಾಂಸವೂ ಇರಲಿಲ್ಲವೆಂದು ಹ. ಅನಸ್(ರ) ತಿಳಿಸುತ್ತಾರೆ. ಯಾರ ಬಳಿ ಏನಿದೆಯೋ ಅದನ್ನು ತರುವಂತೆ ಪ್ರವಾದಿವರ್ಯರು(ಸ) ಹೇಳಿದರು. ಚರ್ಮದ ಹಾಸು ಹಾಸಲಾಯಿತು. ಒಬ್ಬರು ಖರ್ಜೂರ ತಂದರು, ಇನ್ನೊಬ್ಬರು ತುಪ್ಪ, ಮತ್ತೊಬ್ಬರು ಒಣಗಿಸಿದ ಗಟ್ಟಿ ಮೊಸರು. ಎಲ್ಲವನ್ನೂ ಕಲಸಿ ‘ಹೈಸ್’ ಎಂಬ ಸಿಹಿ ತಯಾರಿಸಿದರು. ಅದೇ ವಲೀಮಾ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಇಂಥದ್ದನ್ನೇ ತನ್ನಿ ಎಂದು ಪ್ರವಾದಿವರ್ಯರು(ಸ) ಕೇಳಲಿಲ್ಲ, ಇಷ್ಟೇ ತರಬೇಕೆಂದು ಗೊತ್ತುಪಡಿಸಲೂ ಇಲ್ಲ. ಇದ್ದುದನ್ನು ತರಲು ಹೇಳಿದರು. ಬಂದುದೆಲ್ಲ ಒಂದೇ ಹಾಸಿನ ಮೇಲೆ ಬೆರೆತು ಹೋದ ಮೇಲೆ ಯಾರದು ಎಷ್ಟು ಎಂಬುದು ಉಳಿಯಲಿಲ್ಲ.

ಹ. ಝೈನಬ್‌ರ(ರ) ವಿವಾಹದ ಸಂದರ್ಭದಲ್ಲೂ ಹ. ಉಮ್ಮು ಸುಲೈಮ್(ರ) ಒಂದು ಪಾತ್ರೆಯಲ್ಲಿ ಹೈಸ್ ತುಂಬಿ ಮಗ ಅನಸರ ಕೈಯಲ್ಲಿ ಕಳುಹಿಸಿದ್ದರು. ಇದು ನಮ್ಮ ಕಡೆಯಿಂದ ಅಲ್ಪ ಕಾಣಿಕೆಯೆಂದು ತಿಳಿಸಲು ಹೇಳಿದ್ದರು. ಸುಮಾರು 300 ಮಂದಿ ಹತ್ತು ಹತ್ತು ಜನರಾಗಿ ಕುಳಿತು ಅದನ್ನೇ ಉಂಡರು. ಪಾತ್ರೆ ಚಿಕ್ಕದೆಂದು ಅವರು ಕಳುಹಿಸದೆ ಉಳಿಯಲಿಲ್ಲ.

ಹೊಣೆ ಯಾರದು?

ಹಂಚಿಕೊಂಡು ಅಡುಗೆ ಮಾಡುವುದೆಂದರೆ ಖರ್ಚನ್ನು ವಧುವಿನ ಮನೆಗೆ ಹೊರಿಸುವುದಲ್ಲ. ವಲೀಮಾ ವರನ ಹೊಣೆ. ಒಂದು ಕುರಿಯನ್ನಾದರೂ ಕೊಯ್ದು ವಲೀಮಾ ನೀಡುವಂತೆ ಪ್ರವಾದಿವರ್ಯರು(ಸ) ಹೇಳಿದ್ದು ಮದುಮಗನಾದ ಹ. ಅಬ್ದುರ್ರಹ್ಮಾನ್ ಬಿನ್ ಔಫ್‌ರಿಗೆ(ರ), ಅವರ ಮಾವನಿಗಲ್ಲ. ಆದ್ದರಿಂದ ಮುಖ್ಯ ಅಡುಗೆಯನ್ನು ವರನ ಮನೆಯವರೇ ವಹಿಸಿಕೊಳ್ಳಲಿ. ಉಳಿದದ್ದು ಪ್ರೀತಿಯಿಂದ ಬರುವ ನೆರವು. ‘ಬೀಗರು ಇಂಥದ್ದು ತರಬೇಕು’ ಎಂಬ ಮಾತು ಬಂದರೆ ಅದು ವರದಕ್ಷಿಣೆಯ ಇನ್ನೊಂದು ರೂಪವೇ ಸರಿ.

ಯೋಜನೆ ಹೇಗೆ?

ಅರವತ್ತು ಮಂದಿಯ ಊಟವೆಂದು ಇಟ್ಟುಕೊಳ್ಳಿ. ಬಿರಿಯಾನಿಗೆ ಒಂದು ಕಿಲೋ ಅಕ್ಕಿ ಎಂಟು–ಹತ್ತು ಜನರಿಗೆ ಸಾಕಾಗುತ್ತದೆ. ಹಾಗಾಗಿ ಏಳು ಕಿಲೋ ಅಕ್ಕಿ, ಅಷ್ಟೇ ಅಥವಾ ಸ್ವಲ್ಪ ಹೆಚ್ಚು ಮಾಂಸ. ಇದನ್ನು ಒಂದೇ ಕಡೆ, ಒಂದೇ ಕೈಯಲ್ಲಿ ಬೇಯಿಸಿ. ನಾಲ್ಕು ಮನೆಯ ಬಿರಿಯಾನಿ ನಾಲ್ಕು ರುಚಿಯಾಗಿ, ಹೋಲಿಕೆಯ ಮಾತಿಗೆ ದಾರಿಯಾಗುತ್ತದೆ.

ಉಳಿದದ್ದನ್ನು ಹಂಚಿ. ನಾಲ್ಕೈದು ಲೀಟರ್ ಮೊಸರಿನ ಸಲಾಡ್ ಒಂದು ಮನೆ, ಆರು ಲೀಟರ್ ಪಾಯಸ ಎರಡು ಮನೆ, ಉಪ್ಪಿನಕಾಯಿ, ಹಣ್ಣು, ಖರ್ಜೂರ ಬೇರೆಯವರು. ಹದಿನೈದು ದಿನ ಮೊದಲೇ ಒಂದು ಚೀಟಿಯಲ್ಲಿ ಬರೆದಿಡಿ. ಇಲ್ಲವಾದರೆ ಎಲ್ಲರೂ ಪಾಯಸವನ್ನೇ ತರುತ್ತಾರೆ! ಹತ್ತಿರದ ಮನೆಯವರಿಗೆ ಬಿಸಿ ಪದಾರ್ಥ, ದೂರದಿಂದ ಬಸ್ಸಿನಲ್ಲಿ ಬರುವವರಿಗೆ ಹಲ್ವ, ಖರ್ಜೂರದಂತಹ ಕೆಡದ ವಸ್ತು ಒಪ್ಪಿಸಿ. ಪಾತ್ರೆಗಳು ಅದಲುಬದಲಾಗದಂತೆ ಅಡಿಗೆ ಹೆಸರಿನ ಚೀಟಿ ಅಂಟಿಸಿ. ಮಾಂಸ ತಿನ್ನದ ನೆರೆಮನೆಯವರಿದ್ದರೆ ಅವರ ಅಡುಗೆಗೆ ಪ್ರತ್ಯೇಕ ಪಾತ್ರೆ, ಪ್ರತ್ಯೇಕ ಸೌಟು ಇರಲಿ. ಅವರ ಮನಸ್ಸಿಗೆ ಸಂಶಯ ಬಾರದಂತೆ ನೋಡಿಕೊಳ್ಳುವುದು ನೆರೆಯವರ ಹಕ್ಕನ್ನು ಪಾಲಿಸಿದಂತೆ.

ಆರೋಗ್ಯದ ಕಡೆಗೂ ಗಮನವಿರಲಿ. ಬೇಯಿಸಿದ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಬೇಸಗೆಯ ಕಡು ಸೆಕೆಯಲ್ಲಿ ಒಂದೇ ಗಂಟೆ. ಬಿಸಿಯದು ಬಿಸಿಯಾಗಿಯೇ ಇರಲಿ, ಮೊಸರು ಬಡಿಸುವ ತನಕ ತಂಪಿನಲ್ಲಿರಲಿ. ಉಳಿದ ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಮುಚ್ಚಿಡಬೇಡಿ. ಅಗಲ ತಟ್ಟೆಗಳಲ್ಲಿ ಹರಡಿ ಬೇಗ ಆರಿಸಿ, ಕೆಡುವ ಮೊದಲೇ ಹಂಚಿಬಿಡಿ.

ಬರಿಗೈಯಲ್ಲಿ ಬರುವವರು

ಇಡೀ ಯೋಜನೆಯಲ್ಲಿ ಅತ್ಯಂತ ಸೂಕ್ಷ್ಮವಾದ ವಿಷಯ ಇದು. ನಿಮ್ಮ ಬಂಧುಗಳಲ್ಲಿ ಒಬ್ಬ ವಿಧವೆ ಇದ್ದಾಳೆ. ಅಂದಿನ ದುಡಿಮೆ ಅಂದಿಗೇ ಮುಗಿಯುವ ಮನೆ. ಎಲ್ಲರೂ ಏನಾದರೂ ತರುತ್ತಾರೆಂದು ತಿಳಿದರೆ ಆಕೆ ಎರಡರಲ್ಲೊಂದು ಮಾಡುತ್ತಾಳೆ: ಸಾಲ ಮಾಡಿ ತರುತ್ತಾಳೆ, ಇಲ್ಲವೇ ಜ್ವರವೆಂದು ಹೇಳಿ ಮನೆಯಲ್ಲೇ ಉಳಿಯುತ್ತಾಳೆ. ಎರಡರ ಹೊಣೆಯೂ ನಮ್ಮದೇ. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟ ಅತ್ಯಂತ ಕೆಟ್ಟ ಊಟವೆಂದು ಹ. ಅಬೂ ಹುರೈರಾ(ರ) ಎಚ್ಚರಿಸಿದ್ದಾರೆ. ಬಾಯಲ್ಲಿ ಕರೆದು, ಬರಲಾಗದಂತೆ ಮಾಡುವುದು ಬಿಟ್ಟುಬಿಟ್ಟಂತೆಯೇ ಅಲ್ಲವೇ?

ಆದ್ದರಿಂದ ಆಕೆಯ ಮನೆಗೆ ಮೊದಲೇ ಹೋಗಿ. ‘ಇತ್ತಾ, ನೀವು ಬೆಳಿಗ್ಗೆಯೇ ಬರಬೇಕು. ಅಕ್ಕಿ ತೊಳೆಯಲು, ಬಡಿಸಲು ನಿಮ್ಮ ಕೈ ಬೇಕು’ ಎಂದು ಹೇಳಿ. ಕೈಯ ದುಡಿಮೆಯೂ ಒಂದು ಪಾಲು. ಯಾರು ಏನು ತಂದರೆಂಬ ಪಟ್ಟಿಯನ್ನು ಓದಬೇಡಿ, ಮುಯ್ಯಿ ಬರೆದಂತೆ ಬರೆದಿಡಲೂ ಬೇಡಿ. ಚೀಟಿ ಯೋಜನೆಗೆ ಮಾತ್ರ. ಊಟ ಮುಗಿದ ಮೇಲೆ ಹರಿದುಬಿಡಿ. ತಂದ ಅಡುಗೆಯೆಲ್ಲ ಮನೆಯ ಪಾತ್ರೆಗಳಿಗೆ ವರ್ಗವಾಗಿ ಒಟ್ಟಿಗೆ ಬಡಿಸಲ್ಪಡಲಿ.

ಅಶ್‌ಅರಿ ಗೋತ್ರದವರು ಆಹಾರ ಕಡಿಮೆಯಾದಾಗ ತಮ್ಮಲ್ಲಿರುವುದನ್ನೆಲ್ಲ ಒಂದೇ ಬಟ್ಟೆಯಲ್ಲಿ ಸೇರಿಸಿ, ಒಂದೇ ಪಾತ್ರೆಯಿಂದ ಅಳೆದು ಸಮನಾಗಿ ಹಂಚಿಕೊಳ್ಳುತ್ತಿದ್ದರು. ಅವರು ತನ್ನವರು, ತಾನು ಅವರವನು ಎಂದು ಪ್ರವಾದಿವರ್ಯರು(ಸ) ಅವರನ್ನು ಹೊಗಳಿದರು. ಹೆಚ್ಚು ತಂದವನನ್ನು ಪ್ರತ್ಯೇಕವಾಗಿ ಹೊಗಳಲಿಲ್ಲ.

ಬನೀ ಇಸ್ರಾಈಲ್ ಅಧ್ಯಾಯದ 26ನೇ ಸೂಕ್ತವು ಬಂಧುಗಳ ಮತ್ತು ಬಡವರ ಹಕ್ಕನ್ನು ನೀಡಲು ಆಜ್ಞಾಪಿಸುತ್ತದೆ. ಅದೇ ಉಸಿರಿನಲ್ಲಿ ದುಂದುವೆಚ್ಚವನ್ನು ನಿಷೇಧಿಸುತ್ತದೆ. ದುಂದು ಮಾಡುವ ಮನೆಯಲ್ಲಿ ಮೊದಲು ಕಡಿತವಾಗುವುದು ಈ ಹಕ್ಕೇ.

ನಿಮ್ಮ ಮನೆಯಲ್ಲಿ ಮದುವೆ ಗೊತ್ತಾಗಿದ್ದರೆ, ಹಾಲ್ ಹುಡುಕುವ ಮೊದಲು ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು ಮಾತಾಡಿ. ಸಾಲವಿಲ್ಲದೆ ಎಷ್ಟು ಸಾಧ್ಯ ಎಂದು ಮೊದಲು ಲೆಕ್ಕ ಹಾಕಿ. ಯಾರು ತಲೆತಗ್ಗಿಸದೆ ಬರಬೇಕು ಎಂದು ಬಳಿಕ ಯೋಚಿಸಿ. ಊಟದ ಪಟ್ಟಿ ಆಮೇಲೆ ತಾನಾಗಿ ಸಿದ್ಧವಾಗುತ್ತದೆ. ಅಂತಹ ವಲೀಮಾದಲ್ಲಿ ಅಲ್ಲಾಹನು ಬರಕತ್ ನೀಡಲಿ.