ಜೇಬುಚಾಕುವಿನ ಅಲಗನ್ನು ಸಮನಾಗಿ ಮಸೆಯುವ ಬಗೆ

ಮೊಂಡು ಚಾಕು ಕೈಯನ್ನು ಕೊಯ್ಯಲಾರದೆಂಬ ಭಾವನೆ ಅನೇಕ ಮನೆಗಳಲ್ಲಿದೆ. ವಾಸ್ತವ ಇದಕ್ಕೆ ವಿರುದ್ಧವಾದುದು. ಹರಿತವಿಲ್ಲದ ಅಲಗಿಗೆ ಹೆಚ್ಚು ಒತ್ತಡ ಬೇಕು. ಒತ್ತಿದ ಚಾಕು ಸೇಬಿನ ಸಿಪ್ಪೆಯ ಮೇಲೆ ಜಾರಿ, ಹಣ್ಣನ್ನು ಹಿಡಿದ ಹೆಬ್ಬೆರಳಿಗೆ ನಾಟುತ್ತದೆ. ಮಧುಮೇಹವುಳ್ಳ ಹಿರಿಯರಿಗೆ ಅಂಥ ಗಾಯ ಮಾಯಲು ತಡವಾಗಬಹುದು. ಹರಿತವಿದ್ದೂ ಒಂದೇ ಮಗ್ಗುಲು ಹೆಚ್ಚು ಸವೆದ ಚಾಕುವೂ ನಂಬಿಕೆಗೆ ಅರ್ಹವಲ್ಲ. ನೇರವಾಗಿ ಕೊಯ್ಯಹೊರಟರೆ ಅದು ಓರೆಯಾಗಿ ಸರಿಯುತ್ತದೆ.

ಮಸೆದಾಗ ಅಲಗಿನ ಬಾಯಿಯ ಇಕ್ಕೆಲಗಳಲ್ಲಿ ಕಿರಿದಾದ ಇಳಿಜಾರು ಪಟ್ಟಿಗಳು ಮೂಡುತ್ತವೆ. ಅವುಗಳ ಅಗಲ ಸಮನಾಗಿರಬೇಕು. ಇದು ಕೋನಕ್ಕೆ ಸಂಬಂಧಿಸಿದ ವಿಷಯ. ಜೇಬುಚಾಕುವಿಗೆ ಪ್ರತಿ ಮಗ್ಗುಲಿಗೂ ಸುಮಾರು 20 ಡಿಗ್ರಿ ಸೂಕ್ತ. ಕೋನಮಾಪಕವೇನೂ ಬೇಕಿಲ್ಲ, ಅಲಗಿನ ಅಗಲದ ಮೂರನೆಯ ಒಂದು ಭಾಗದಷ್ಟು ಎತ್ತರಕ್ಕೆ ಅದರ ಬೆನ್ನನ್ನು ಸಾಣೆಕಲ್ಲಿನಿಂದ ಎತ್ತಿದರೆ ಸಾಕು. 15 ಮಿ.ಮೀ. ಅಗಲದ ಅಲಗಿಗೆ 5 ಮಿ.ಮೀ. ಆಯಿತು. ಕಲ್ಲಿನ ಮೇಲೆ ಅಷ್ಟೆತ್ತರಕ್ಕೆ ನಾಣ್ಯಗಳನ್ನು ಪೇರಿಸಿ, ಬೆನ್ನನ್ನು ಅದಕ್ಕೆ ತಾಗಿಸಿ ಕೈಗೆ ಆ ಓರೆಯನ್ನು ಅಭ್ಯಾಸ ಮಾಡಿಸಬಹುದು.

ಆದರೂ ಪಟ್ಟಿಗಳು ಹೆಚ್ಚುಕಡಿಮೆಯಾಗುವುದುಂಟು. ಒಂದು ಮೈಯನ್ನು ಮುಂದಕ್ಕೆ ತಳ್ಳಿ, ಇನ್ನೊಂದನ್ನು ತಮ್ಮತ್ತ ಎಳೆದು ಮಸೆಯುವುದು ಸಾಮಾನ್ಯ ರೂಢಿ. ಈ ಎರಡರಲ್ಲಿ ಮಣಿಕಟ್ಟು ಒಂದೇ ತೆರನಾಗಿ ನಿಲ್ಲುವುದಿಲ್ಲ. ಆದಕಾರಣ ಎರಡೂ ಬದಿಗೆ ಹತ್ತು ಹತ್ತು ಎಂದು ಎಣಿಸಿದ ಮಾತ್ರಕ್ಕೆ ಪ್ರಯೋಜನವಿಲ್ಲ. ನಮೂದುಗಳ ಸಂಖ್ಯೆ ಸರಿಯಿದ್ದೂ ಶಿಲ್ಕು ತಪ್ಪಿದಂತಾಗುತ್ತದೆ. ಪಟ್ಟಿಗಳಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು, ಎರಡು ಮೂರು ಸಲ ಮಸೆದು ನೋಡುವುದೇ ಉತ್ತಮ ಪರೀಕ್ಷೆ. ಬಾಯಿಯ ತುದಿಯಲ್ಲಿ ಮಸಿ ಉಳಿದರೆ ಬೆನ್ನು ತೀರ ತಗ್ಗಿದೆಯೆಂದೂ, ಪಟ್ಟಿಯ ಮೇಲ್ಭಾಗದಲ್ಲಿ ಉಳಿದರೆ ತೀರ ಏರಿದೆಯೆಂದೂ ತಿಳಿಯಬೇಕು. ಮೊನೆಯ ಬಳಿ ಬಾಯಿ ಬಾಗಿರುವುದರಿಂದ ಅಲ್ಲಿ ಹಿಡಿಯನ್ನು ತುಸು ಎತ್ತಬೇಕಾಗುತ್ತದೆ.

ಕಲ್ಲು ನಡುವೆ ಸವೆದು ತಗ್ಗಾಗಿದ್ದರೆ ಯಾವ ಕೈಚಳಕವೂ ಫಲಿಸದು. ದಪ್ಪ ಗಾಜಿನ ಮೇಲೆ ಒದ್ದೆ ವಾಟರ್‌ಪೇಪರ್ ಹರಡಿ, ಕಲ್ಲನ್ನು ಉಜ್ಜಿ ಮಟ್ಟ ಮಾಡಿಕೊಳ್ಳಬೇಕು.

ಒಂದು ಮೈಯನ್ನು ಸಾಕಷ್ಟು ಮಸೆದಾಗ ಎದುರು ಮೈಯ ಅಂಚಿನಲ್ಲಿ ಉಕ್ಕಿನ ಸೂಕ್ಷ್ಮ ಮಡಿಕೆ ಏಳುತ್ತದೆ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಹಗುರವಾಗಿ ಸರಿಸಿದರೆ ಅದು ತಿಳಿಯುತ್ತದೆ. ಬಾಯಿಯ ಉದ್ದಕ್ಕೆ ಬೆರಳೆಳೆಯುವುದು ಅಪಾಯ. ಮಡಿಕೆ ಹಿಡಿಯಿಂದ ಮೊನೆಯವರೆಗೂ ಎದ್ದ ಮೇಲೆಯೇ ಮಗ್ಗುಲು ಬದಲಿಸಬೇಕು. ಕೊನೆಗೆ ಕಲ್ಲಿನ ನಯವಾದ ಮೈಯಲ್ಲಿ, ಒತ್ತಡವಿಲ್ಲದೆ, ಎರಡೂ ಮಗ್ಗುಲನ್ನು ಒಂದೊಂದಾಗಿ ಸವರಿ ಆ ಮಡಿಕೆಯನ್ನು ತೆಗೆಯಬೇಕು.

ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಬರುವ ಸಾಣೆಯವನಿಗೆ ಕೊಟ್ಟರೆ ಕೆಲಸ ಕ್ಷಣದಲ್ಲಿ ಮುಗಿಯುವುದೇನೋ ನಿಜ. ಆದರೆ ಒಣಚಕ್ರದ ಕಾವಿಗೆ ಬಾಯಿ ನೀಲಿಗಟ್ಟಿದರೆ ಅಲ್ಲಿನ ಉಕ್ಕು ಮೆತ್ತಗಾಗಿ, ಹರಿತ ಬಹುಕಾಲ ನಿಲ್ಲುವುದಿಲ್ಲ. ಮಸೆದ ಚಾಕುವನ್ನು ಸೋಪಿನ ನೀರಿನಿಂದ ತೊಳೆದು, ಕಪ್ಪು ಹುಡಿ ಪೂರ್ತಿ ಹೋದ ಬಳಿಕವೇ ಹಣ್ಣಿಗೆ ಬಳಸತಕ್ಕದ್ದು.