ಚೌಕದ ಮೇಲೆ ದುಂಡು ಹೇಗೆ ಕುಳಿತಿತು? (ಅಜ್ಜನ ಜೊತೆ ಬಿಜಾಪುರ ನೋಡಿದ್ದು)

ಗೋಳಗುಮ್ಮಟ ಯಾರದು ಎಂದು ಕೇಳಿದರೆ ನಾವೆಲ್ಲರೂ ಕೈ ಎತ್ತುತ್ತೇವೆ. ಮಹಮ್ಮದ್ ಆದಿಲಶಾಹನ ಸಮಾಧಿ, ಊರು ಬಿಜಾಪುರ, ಒಂದು ಅಂಕ ಬಂತು. ಆದರೆ ನಾಲ್ಕು ಮೂಲೆಯ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಹೇಗೆ ಕೂಡುತ್ತದೆ? ಒಂದು ಚೌಕ ಪೆಟ್ಟಿಗೆಯ ಮೇಲೆ ಬುಟ್ಟಿಯನ್ನು ಬೋರಲು ಹಾಕಿ ನೋಡಿರಿ. ನಾಲ್ಕೂ ಮೂಲೆಯಲ್ಲಿ ತೆರವು ಉಳಿಯುತ್ತದೆ. ಆ ತೆರವನ್ನು ಏನು ಮಾಡಿದರು ಎಂಬುದು ನಮ್ಮ ಪಾಠದಲ್ಲಿ ಇಲ್ಲ. ನನಗೆ ಅದನ್ನು ತಿಳಿಸಿಕೊಟ್ಟವನು ನಮ್ಮ ಅಜ್ಜ.

ಅಜ್ಜ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವನು. ಓದಿದ್ದು ಎರಡನೇ ಇಯತ್ತೆ. ಮೊಣಕಾಲು ನೋವಿನಿಂದ ಈಗ ಎರಡು ವರ್ಷದಿಂದ ಕೆಲಸ ಬಿಟ್ಟಿದ್ದಾನೆ. ಬಿಜಾಪುರ ನಮ್ಮೂರಿಂದ ಸುಮಾರು 60 ಕಿ.ಮೀ. ಅಷ್ಟೇ, ಆದರೂ ಅವನು ಗೋಳಗುಮ್ಮಟದ ಒಳಗೆ ಕಾಲಿಟ್ಟಿರಲಿಲ್ಲ. ಆಸ್ಪತ್ರೆಗೆ, ಸಂತೆಗೆ, ಸಿಮೆಂಟಿಗೆ ಹೋಗಿ ಬಂದಿದ್ದನಷ್ಟೇ. ದಸರೆ ಸೂಟಿಯಲ್ಲಿ ನಾನು ಹಟ ಹಿಡಿದೆ, ಇಬ್ಬರೂ ಹೊರಟೆವು.

ಆ ಊರಿಗೆ 2014ರ ನವೆಂಬರ್ 1ರಿಂದ ವಿಜಯಪುರ ಎಂಬ ಹೆಸರು ಬಂದಿದೆ. ಆದರೆ ಕಂಡಕ್ಟರ್ ಮಾಮಾ ಕೂಗಿದ್ದು "ಬಿಜಾಪುರ್ ಬಿಜಾಪುರ್" ಎಂದೇ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ನನಗೆ ಶೂನ್ಯ ಟಿಕೆಟು, ಅಜ್ಜನಿಗೆ ರೊಕ್ಕದ ಟಿಕೆಟು. "ನಿನಗಿಂತ ನಾನೇ ದೊಡ್ಡ ಮನಷ್ಯಾ ಆದ್ನೆವಾ" ಎಂದು ನಕ್ಕ.

ಕೊರ್ತಿ-ಕೊಲ್ಹಾರ ಸೇತುವೆ ಬಂದಾಗ ಅಜ್ಜನ ನಗು ನಿಂತಿತು. ಎರಡೂ ಕಡೆ ಆಲಮಟ್ಟಿ ಆಣೆಕಟ್ಟಿನ ಹಿನ್ನೀರು. ನಮ್ಮ ಹಳೇ ಊರು ಆ ನೀರಿನೊಳಗಿದೆ. ನಾನು ಹುಟ್ಟುವ ಮೊದಲೇ ಮುಳುಗಿತು. ನೀರು ಬರುವ ಮುಂಚೆ ಅಜ್ಜ ತಾನೇ ಕಟ್ಟಿದ ಮನೆಗಳನ್ನು ತಾನೇ ಬಿಚ್ಚಿದನಂತೆ, ತೊಲೆ, ಬಾಗಿಲು, ಕಲ್ಲು ಎಲ್ಲಾ. ಈಗಿನ ನಮ್ಮ ಮನೆಯ ಹೊಸ್ತಿಲು ಅಲ್ಲಿಂದ ಬಂದದ್ದು. "ಎಷ್ಟು ಮನಿ ಕಟ್ಟಿದ್ದಿ ಅಲ್ಲಿ?" ಎಂದು ಕೇಳಿದೆ. ಸೇತುವೆ ಮುಗಿಯುವ ತನಕ ಬೆರಳು ಮಡಚಿ ಎಣಿಸಿದ. ಲೆಕ್ಕ ಹೇಳಲಿಲ್ಲ.

ಇನ್ನು ಗೋಳಗುಮ್ಮಟದ ಮಾತು. ಮಹಮ್ಮದ್ ಆದಿಲಶಾಹ 1627ರಿಂದ 1656ರವರೆಗೆ ಆಳಿದ. ಬದುಕಿದ್ದಾಗಲೇ ತನ್ನ ಸಮಾಧಿ ಕಟ್ಟಿಸಿದ. ಒಳಗಿನ ಕೋಣೆ ಒಂದು ಬದಿಗೆ ಸುಮಾರು 41 ಮೀಟರ್ ಚೌಕ. ನಡುವೆ ಒಂದೂ ಕಂಬ ಇಲ್ಲ! ಗುಮ್ಮಟದ ಹೊರ ಅಡ್ಡಳತೆ ಸುಮಾರು 44 ಮೀಟರ್, ಒಳ ಅಡ್ಡಳತೆ ಸುಮಾರು 38 ಮೀಟರ್. ಅಂದರೆ ಬುಡದಲ್ಲಿ ಅದರ ದಪ್ಪ 3 ಮೀಟರ್, ನಮ್ಮ ತರಗತಿಯ ಅರ್ಧ ಅಗಲ. ಗೋಡೆ ಕರಿಕಲ್ಲಿನದು, ಗುಮ್ಮಟ ಮಾತ್ರ ಇಟ್ಟಿಗೆ ಮತ್ತು ಸುಣ್ಣದ ಗಚ್ಚಿನದು. ಸಿಮೆಂಟು ಆಗ ಇರಲೇ ಇಲ್ಲ.

ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ಮಿನಾರುಗಳಿವೆ. ಅವುಗಳ ಒಳಗಿನ ಮೆಟ್ಟಿಲು ಹತ್ತಿ ಗ್ಯಾಲರಿಗೆ ಹೋಗಬೇಕು. ಮೆಟ್ಟಿಲು ಸಣ್ಣವು, ಎತ್ತರ ಮಾತ್ರ ಬಹಳ. ಅಜ್ಜ ಮೊದಲನೆಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ, ತೆಗೆದ. "ನೀ ಬರೂದಿಲ್ಲೇನಜ್ಜಾ?" ಎಂದೆ. "ನೀ ನೋಡಿ ಬಂದು ನನಗ ಹೇಳು. ಕಮಾನಿನ ಕಾಲು ಎಲ್ಲೆಲ್ಲಿ ಅದಾವು ಎಣಿಸು, ಸುಮ್ನ ಕೂಗಾಡಿ ಬರಬ್ಯಾಡ" ಎಂದ. ನನಗೆ ಬೇಜಾರಾಯಿತು. ಅವನಿಗಾಗಿಯೇ ಬಂದದ್ದಾಗಿತ್ತು.

ಮೇಲೆ ಎಲ್ಲರೂ ಕೂಗುತ್ತಿದ್ದರು, ಸಂತೆಯಂತೆ ಗದ್ದಲ. ಕಾವಲಿನವರು ಸೀಟಿ ಊದಿದ ಮೇಲೆ ಸ್ವಲ್ಪ ಹೊತ್ತು ಶಾಂತವಾಯಿತು. ಆಗ ಒಂದು ಚಪ್ಪಾಳೆ ಹೊಡೆದೆ. ಏಳು ಸಲ ಕೇಳುತ್ತದೆ ಅನ್ನುತ್ತಾರಲ್ಲ, ಆರರವರೆಗೆ ನಾನು ಎಣಿಸಿದೆ. ಏಳನೆಯದು ಕಿವಿ ಕೇಳಿತೋ ಮನಸ್ಸು ಕೇಳಿತೋ ಗೊತ್ತಾಗಲಿಲ್ಲ. ಎದುರು ಬದಿಯಲ್ಲಿ ಬೇರೆ ಶಾಲೆಯ ಒಬ್ಬ ಹುಡುಗಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದಳು. "ನಿಮ್ಮೂರು ಯಾವುದು?" ಎಂಬುದು ನನ್ನ ಕಿವಿಯ ಹತ್ತಿರವೇ ಕೇಳಿತು. ಮೈ ಜುಮ್ಮೆಂದಿತು. ಸದ್ದು ದುಂಡು ಗೋಡೆಯನ್ನು ಸವರಿಕೊಂಡು ಬರುತ್ತದೆ, ನಡುವೆ ಚದುರುವುದಿಲ್ಲ. ಅದಕ್ಕೇ ಹಾಗೆ.

ಪ್ರತಿಧ್ವನಿಯನ್ನು ಲೆಕ್ಕ ಮಾಡಿ ನೋಡೋಣ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎದುರು ಗೋಡೆಗೆ 38, ತಿರುಗಿ ಬರಲು 38, ಒಟ್ಟು 76 ಮೀಟರ್. 76 ÷ 340 = ಸುಮಾರು 0.22 ಸೆಕೆಂಡು. ಎರಡು ಸದ್ದನ್ನು ಬೇರೆ ಬೇರೆಯಾಗಿ ಕೇಳಲು ನಮ್ಮ ಕಿವಿಗೆ 0.1 ಸೆಕೆಂಡು ಬೇಕು. ಇಲ್ಲಿ ಅದಕ್ಕಿಂತ ಹೆಚ್ಚೇ ಸಿಗುತ್ತದೆ. ನಮ್ಮ ತರಗತಿಯಲ್ಲಿ ಗೋಡೆಯಿಂದ ಗೋಡೆಗೆ 6 ಮೀಟರ್, ಹೋಗಿ ಬರಲು 12. ಭಾಗಿಸಿರಿ, ಗುರುಗಳು ಎಷ್ಟು ಜೋರು ಮಾಡಿದರೂ ಪ್ರತಿಧ್ವನಿ ಏಕೆ ಕೇಳುವುದಿಲ್ಲ ಎಂದು ತಿಳಿಯುತ್ತದೆ.

ಕೆಳಗಿಳಿದು ಬಂದರೆ ಅಜ್ಜ ಗೋಡೆಗೆ ಆತುಕೊಂಡು ಕತ್ತು ಮೇಲೆತ್ತಿ ಕುಳಿತಿದ್ದ. ನಾನು "ಎಂಟು ಕಮಾನು ಅಜ್ಜಾ" ಅನ್ನುವುದರೊಳಗೆ "ಒಂದೊಂದು ಗ್ವಾಡಿಗೆ ಎರಡೆರಡು ಕಾಲು, ಹೌದಿಲ್ಲೋ?" ಎಂದ. ಕೆಳಗಿನಿಂದಲೇ ಕಂಡುಹಿಡಿದಿದ್ದ! ಹೊರಗೆ ಬೇವಿನ ಗಿಡದ ನೆರಳಿಗೆ ಬುತ್ತಿ ಬಿಚ್ಚಿದೆವು, ರೊಟ್ಟಿ ಶೇಂಗಾ ಹಿಂಡಿ. ರೊಟ್ಟಿ ಅರ್ಧಕ್ಕೇ ಬಿಟ್ಟು ಅವನು ಬುತ್ತಿಯ ದಾರದಿಂದ ಮಣ್ಣಿನ ಮೇಲೆ ಚಿತ್ರ ತೆಗೆದ. ಅದನ್ನೇ ಕೆಳಗೆ ಬಿಡಿಸಿದ್ದೇನೆ.

ಮೊದಲು ಒಂದು ಚೌಕ ಹಾಕಿರಿ. ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ನಡುಬಿಂದು ಸಿಗುತ್ತದೆ. ದಾರದ ಒಂದು ತುದಿ ಮೂಲೆಯಲ್ಲಿ, ಇನ್ನೊಂದು ನಡುಬಿಂದುವಿನಲ್ಲಿ. ಮೂಲೆಯ ತುದಿ ಬಿಡದೆ ದಾರವನ್ನು ಎರಡೂ ಬದಿಯ ಗೆರೆಗೆ ತಿರುಗಿಸಿ ಗುರುತು ಮಾಡಿರಿ. ನಾಲ್ಕೂ ಮೂಲೆಯಿಂದ ಹೀಗೆ ಮಾಡಿದರೆ ಗೋಡೆಗೆ ಎರಡರಂತೆ ಎಂಟು ಗುರುತು. ಈಗ ಒಂದು ಗುರುತು ಬಿಟ್ಟು ಒಂದನ್ನು ಗೆರೆಯಿಂದ ಕೂಡಿಸಿರಿ. ಒಂದರ ಮೇಲೊಂದು ಓರೆಯಾಗಿ ಇಟ್ಟ ಎರಡು ಚೌಕ ಬರುತ್ತವೆ, ಎಂಟು ಮೂಲೆಯ ನಕ್ಷತ್ರ! ಗೋಳಗುಮ್ಮಟದಲ್ಲಿ ಆ ಒಂದೊಂದು ಗೆರೆಯೂ ಒಂದೊಂದು ಕಮಾನು. ಕಮಾನುಗಳು ಒಂದನ್ನೊಂದು ಕತ್ತರಿಸಿದಲ್ಲಿ ನಡುವೆ ಎಂಟು ಬದಿಯ ತೆರವು ಉಳಿಯುತ್ತದೆ. ಎಂಟು ಬದಿ ಅಂದರೆ ಹೆಚ್ಚೂ ಕಡಿಮೆ ದುಂಡೇ. ಗುಮ್ಮಟ ಅದರ ಮೇಲೆ ಕುಳಿತಿತು, ಮೂಲೆಗಳೂ ಮುಚ್ಚಿದವು.

ಇನ್ನೊಂದು ಸಂಗತಿ ಇದೆ, ನನಗೆ ಇದೇ ಹೆಚ್ಚು ಹಿಡಿಸಿತು. ಅಷ್ಟು ಭಾರದ ಗುಮ್ಮಟ ಬುಡದಲ್ಲಿ ಹೊರಗೆ ಒದೆಯುತ್ತದೆ, ಸರಿಯಾಗಿ ಒಟ್ಟದ ಬಣವೆಯ ಬುಡ ಹೊರಗೆ ಜಾರುವಂತೆ. ಆದರೆ ಈ ಕಮಾನುಗಳ ಮೇಲಿನ ಕಲ್ಲುಗಾರೆ ಕೋಣೆಯ ಒಳಗಡೆ ಬಾಗಿ ನಿಂತಿದೆ. ನಾವು ನಡೆದಾಡುವ ಗ್ಯಾಲರಿ ಅದೇ, ಅಗಲ ಸುಮಾರು 11 ಅಡಿ. ಅದರ ಭಾರ ಒಳಗೆ ಎಳೆಯುತ್ತದೆ, ಗುಮ್ಮಟ ಹೊರಗೆ ಒದೆಯುತ್ತದೆ, ಎರಡೂ ಸಮ. "ಹೊರಗ ಅಡ್ಡಗ್ವಾಡಿ ಯಾಕ ಕಟ್ಟಿಲ್ಲ ಅಂತ ಅದನ್ನ ನೋಡಕೋತ ಕುಂತಿದ್ದೆ" ಎಂದ ಅಜ್ಜ. ಮೇಲೆ ಹತ್ತಿದ ನನಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ.

ಆಮೇಲೆ ಮಲಿಕ್-ಎ-ಮೈದಾನ ತೋಪು ನೋಡಿದೆವು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಬಾಯಿ ಸಿಂಹದ ಮುಖದಂತಿದೆ. ಅಜ್ಜನಿಗೆ ತೋಪು ಹಿಡಿಸಲಿಲ್ಲ. ಬಾರಾ ಕಮಾನ್‌ನಲ್ಲಿ ಮಾತ್ರ ಎದ್ದು ಬರಲೇ ಒಲ್ಲೆ ಎಂದ. ಅದು ಎರಡನೇ ಅಲಿ ಆದಿಲಶಾಹನ ಸಮಾಧಿ. 1672ರಲ್ಲಿ ಅವನು ತೀರಿದ, ಕಟ್ಟಡ ಅರ್ಧಕ್ಕೇ ನಿಂತಿತು. ಮೇಲೆ ಗುಮ್ಮಟ ಇಲ್ಲ, ಬರೀ ಕಮಾನು. ಪೂರ್ತಿ ಕಟ್ಟಿದ್ದಕ್ಕಿಂತ ಅರ್ಧ ಕಟ್ಟಿದ್ದರಲ್ಲಿ ಕೆಲಸ ಚೆನ್ನಾಗಿ ಕಾಣುತ್ತದಂತೆ. ಒಂದೊಂದು ಕಲ್ಲಿನ ಸಂದಿಯನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಸಂಜೆಯ ಬಸ್ಸು ತಪ್ಪುವುದರಲ್ಲಿತ್ತು.

ಬರುವ ಶನಿವಾರ ಕವಾಯತು ಮುಗಿದ ಮೇಲೆ ಶಾಲೆಯ ಮೈದಾನದಲ್ಲಿ 10 ಅಡಿಯ ಚೌಕ ಹಾಕಿ ಆ ನಕ್ಷತ್ರ ತೆಗೆಯುತ್ತೇವೆ. ನಡುವಿನ ತೆರವು ಏಳೂವರೆ ಅಡಿಗಿಂತ ತುಸು ಹೆಚ್ಚು ಬರಬೇಕು, ಅಳೆದು ನೋಡೋಣ. ಗುರುಗಳು ಸುಣ್ಣದ ಪುಡಿ ಕೊಡುತ್ತಾರೆ. ದಾರ ಹಿಡಿಯಲು ಅಜ್ಜ ಬರುತ್ತಾನೆ. ಮನೆಯಲ್ಲಿ ನೂಲಿನ ಹಗ್ಗ ಇದ್ದವರು ತನ್ನಿರಿ. ನೈಲಾನ್ ಹಗ್ಗ ಬೇಡ, ಅದು ಜಗ್ಗಿದರೆ ಉದ್ದಾಗುತ್ತದೆ, ಅಳತೆ ಕೆಡುತ್ತದೆ ಎಂದು ಅಜ್ಜ ಹೇಳಿದ್ದಾನೆ.